ಒಂದೇ ಮನೆಯ ಮೂರು ಸಂಶೋಧನೆ: ಯಾವುದು ನಿಜವಾದದ್ದು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಮೂರು ಎಕರೆ ಅಡಿಕೆ ತೋಟವಿದೆ. ಓದಿದ್ದು ಪಿಯುಸಿವರೆಗೆ. ಮಗಳು ಕೃಷಿ ಎಂಎಸ್ಸಿ ಮುಗಿಸಿ ರಾಗಿಯ ಬೆಂಕಿರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಮೂರನೇ ವರ್ಷ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ. ಇಲ್ಲಿ ನಮ್ಮ ತೋಟ ಎಲೆಚುಕ್ಕಿ ರೋಗದಲ್ಲಿ ಒಣಗುತ್ತಿರುವಾಗ ಇವಳು ಬಯಲುಸೀಮೆಯ ರಾಗಿಗೆ ಔಷಧ ಹುಡುಕುವುದೇಕೆ ಎಂದು ಬೇಸರವಾಗುತ್ತದೆ. ಅಕ್ಕನ ಮಗ ಬೆಂಗಳೂರಿನಲ್ಲಿ ಹಣ್ಣಿನ ನೊಣ ಹೇಗೆ ನಿದ್ದೆ ಮಾಡುತ್ತದೆ ಎಂದು ಸಂಶೋಧನೆ ಮಾಡುತ್ತಾನೆ, ಅದಕ್ಕೆ ಸರ್ಕಾರ ತಿಂಗಳಿಗೆ ದುಡ್ಡು ಕೊಡುತ್ತದೆ. ಈಗ ಮಗನ ಸರದಿ. ಕನ್ನಡ ಎಂಎ ಮಾಡಿದ್ದಾನೆ. ಶಾಸನಗಳಲ್ಲಿ ಬರುವ ಕೆರೆ, ನೀರಾವರಿ ಪದಗಳ ಮೇಲೆ ಪಿಎಚ್‌ಡಿ ಮಾಡುತ್ತೇನೆ ಅನ್ನುತ್ತಾನೆ. ನಮ್ಮೂರ ಕೆರೆ ಏರಿಯ ಮೇಲೆ ಒಂದು ಅಕ್ಷರದ ಕಲ್ಲಿದೆ, ಚಿಕ್ಕಂದಿನಿಂದ ಅದರ ಮುಂದೆ ಕೂರುತ್ತಿದ್ದ. ‘ಅದೆಲ್ಲ ಸಂಶೋಧನೆಯೇ ಅಲ್ಲ, ಕತೆ ಬರೆಯೋದು. ನಿನ್ನ ಸೋದರತ್ತೆ ಮಗನ ಮೂರು ಲೇಖನ ಆಗಲೇ ಅಚ್ಚಾಗಿದೆ’ ಎಂದು ನಮ್ಮ ಭಾವ ಅವನಿಗೆ ಹೇಳುತ್ತಾರೆ. ದುಡ್ಡು ಕೊಟ್ಟರೆ ಪ್ರಬಂಧ ಬರೆದುಕೊಡುವವರಿದ್ದಾರೆ ಅಂತಲೂ ಕೇಳಿದ್ದೇನೆ. ಮಗನ ಖರ್ಚಿಗೆ ತೋಟದ ಮೇಲೆ ಸಾಲ ಮಾಡಲು ಯೋಚಿಸಿದ್ದೇನೆ. ಇವು ಮೂರೂ ಸಂಶೋಧನೆಯೇ? ಮಗನನ್ನು ತಡೆಯಲೇ, ಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂವತ್ತು ವರ್ಷ ಕೃಷಿ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗಶಾಸ್ತ್ರ ಪಾಠ ಮಾಡಿ, ಹತ್ತಾರು ವಿದ್ಯಾರ್ಥಿಗಳ ಪಿಎಚ್‌ಡಿಗೆ ಮಾರ್ಗದರ್ಶಕನಾಗಿದ್ದವನು ನಾನು. ಬೇರೆ ವಿಭಾಗಗಳ ಮೌಖಿಕ ಪರೀಕ್ಷೆಗಳಲ್ಲೂ ಕೂತಿದ್ದೇನೆ. ನಿಮ್ಮ ಪತ್ರದಲ್ಲಿ ನನಗೆ ಎರಡು ಚಿಂತೆ ಕಂಡವು. ಮೂರು ಮಕ್ಕಳು ಮಾಡುತ್ತಿರುವುದು ಒಂದಕ್ಕೊಂದು ಹೋಲುವುದಿಲ್ಲವಲ್ಲ, ಹಾಗಾದರೆ ಯಾವುದು ಅಸಲಿ ಎಂಬುದು ಒಂದು. ಮಗನ ಬದುಕು ಏನಾದೀತು ಎಂಬುದು ಇನ್ನೊಂದು. ಎರಡನೆಯದಕ್ಕೆ ಲೆಕ್ಕಾಚಾರದ ಉತ್ತರವಿದೆ, ಕೊನೆಯಲ್ಲಿ ಹೇಳುತ್ತೇನೆ. ಸಾಲದ ವಿಷಯ ಮಾತ್ರ ಈಗಲೇ ಹೇಳಿಬಿಡುತ್ತೇನೆ: ಪಿಎಚ್‌ಡಿಗಾಗಿ ತೋಟದ ಮೇಲೆ ಸಾಲ ಮಾಡಬೇಡಿ.

ಮೊದಲನೆಯ ಚಿಂತೆಯನ್ನು ನಿಮ್ಮ ತೋಟದಿಂದಲೇ ಶುರು ಮಾಡೋಣ. ಮಳೆಗಾಲ ಹಿಡಿಯುವ ಮುಂಚೆ ಕೊಳೆರೋಗ ಬಾರದಂತೆ ನೀವು ಗೊನೆಗೆ ಬೋರ್ಡೋ ದ್ರಾವಣ ಹೊಡೆಸುತ್ತೀರಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕದಿಯಬಾರದೆಂದು ಅಲ್ಲಿನ ರೈತರು ರಸ್ತೆ ಬದಿಯ ಸಾಲುಗಳಿಗೆ ತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಸಾಲುಗಳಿಗೆ ಮಾತ್ರ ಬೂಜುರೋಗ ಬಂದಿಲ್ಲ ಎಂಬುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿದ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ನಮ್ಮ ಕಡೆ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಈ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಂದಿಸಿದರು. ಅದಕ್ಕೂ ಮುಂಚೆ ಮಲೆನಾಡಿನವರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ನೀರು ತಾಗದಂತೆ ಕಾಯುತ್ತಿದ್ದರು. ರೋಗಕ್ಕೂ ನೀರಿಗೂ ನಂಟಿದೆ ಎಂಬುದನ್ನು ನಿಮ್ಮ ಹಿರಿಯರು ಕಂಡುಕೊಂಡಿದ್ದರು. ಆ ನಂಟು ಯಾವುದರದು, ಎಲ್ಲಿ ಕಡಿಯಬಹುದು ಎಂಬುದನ್ನು ಸೂಕ್ಷ್ಮದರ್ಶಕ ತೋರಿಸಿತು.

ಇನ್ನೊಂದು ಮಾತು ನಿಮಗೆ ಖುಷಿ ಕೊಡಬಹುದು. ಕಾಫಿ ಗಿಡದ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ವಿಜ್ಞಾನಿ ಇಟ್ಟ ಹೆಸರು ‘ಪೆಲಿಕ್ಯುಲೇರಿಯ ಕೊಳೆರೋಗ’. ನಮ್ಮ ರೈತರ ಬಾಯಿಯ ಮಾತೇ ಲ್ಯಾಟಿನ್ ಹೆಸರಿನೊಳಗೆ ಹೋಗಿ ಕೂತಿದೆ. ಕ್ಲಾಸಿನಲ್ಲಿ ಇದನ್ನು ಹೇಳುವಾಗೆಲ್ಲ, ರೋಗವನ್ನು ಮೊದಲು ಗುರುತಿಸಿ ಹೆಸರಿಟ್ಟವರು ಯಾರು ಎಂದು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ.

ಈಗ ಮಗಳ ರಾಗಿಗೆ ಬರೋಣ. ಮೂರು ವರ್ಷ ಯಾಕೆ ಬೇಕು? ಬೆಂಕಿರೋಗ ಎಲೆಗೂ ಬರುತ್ತದೆ, ತೆನೆಯ ಕುತ್ತಿಗೆಗೂ ಬರುತ್ತದೆ, ಇಲುಕಿಗೂ, ಅಂದರೆ ತೆನೆಯ ಬೆರಳುಗಳಿಗೂ ಬರುತ್ತದೆ. ಕುತ್ತಿಗೆಗೆ ಬಂದರೆ ತೆನೆ ಜೊಳ್ಳು. ಯಾವ ತಳಿ ಇದನ್ನು ತಡೆಯುತ್ತದೆ ಎಂದು ತಿಳಿಯಲು ಹಲವು ತಳಿಗಳನ್ನು ಒಂದೇ ಹೊಲದಲ್ಲಿ ಸಣ್ಣ ಸಣ್ಣ ತಾಕುಗಳಲ್ಲಿ ಬಿತ್ತಬೇಕು. ಒಂದೊಂದು ತಳಿಯನ್ನೂ ಕನಿಷ್ಠ ಮೂರು ಕಡೆ, ಚೀಟಿ ಎತ್ತಿದ ಹಾಗೆ ಎಲ್ಲಿ ಬೀಳುತ್ತದೋ ಅಲ್ಲಿ. ಹೊಲದ ಒಂದು ಮೂಲೆ ತಗ್ಗಿರಬಹುದು, ಇನ್ನೊಂದು ಮೂಲೆಗೆ ಗೊಬ್ಬರ ಹೆಚ್ಚು ಬಿದ್ದಿರಬಹುದು. ಒಳ್ಳೆಯ ಜಾಗಕ್ಕೆ ನಮ್ಮ ಪ್ರೀತಿಯ ತಳಿ ಹೋಗಿಬಿಟ್ಟರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. ಸಾಲುಗಳ ನಡುವೆ ಬೇಗ ರೋಗ ಹಿಡಿಯುವ ಉದುರುಮಲ್ಲಿಗೆಯಂಥ ತಳಿಯನ್ನು ಬೇಕೆಂದೇ ಬಿತ್ತುತ್ತೇವೆ. ಅದಕ್ಕೆ ರೋಗ ಬಂದರೆ ತಾನೇ ಮಿಕ್ಕವು ತಡೆದುಕೊಂಡವು ಎಂದು ಹೇಳಲು ಆಗುವುದು?

ನನ್ನ ವಿದ್ಯಾರ್ಥಿನಿಯೊಬ್ಬಳ ಎರಡನೇ ವರ್ಷದ ಮುಂಗಾರು ಕೈಕೊಟ್ಟಿತು. ಗಾಳಿಯಲ್ಲಿ ತೇವವೇ ಇಲ್ಲ. ಉದುರುಮಲ್ಲಿಗೆಯ ಎಲೆ ಕೂಡ ಹಸಿರಾಗಿ ನಿಂತಿತ್ತು. ಪಕ್ಕದ ಹೊಲದ ಯಜಮಾನರು ಈ ಸಲ ರೋಗವೇ ಇಲ್ಲ ಎಂದು ಸಂತೋಷಪಡುತ್ತಿದ್ದರೆ ಈ ಹುಡುಗಿ ಬದುವಿನ ಮೇಲೆ ಕೂತು ಅಳುತ್ತಿದ್ದಳು. ರೋಗ ಬರದ ವರ್ಷದಲ್ಲಿ ರೋಗ ತಡೆಯುವ ತಳಿಯನ್ನು ಪತ್ತೆ ಮಾಡಲಾಗದು. ಒಂದು ವರ್ಷ ಹೋಯಿತು. ಅಂಕಿ ತಿದ್ದಿ ಬರೆಯುವ ಆಸೆ ಅಂಥ ಹೊತ್ತಿನಲ್ಲೇ ಬರುವುದು. ಆಕೆ ತಿದ್ದಲಿಲ್ಲ. ಪ್ರಬಂಧದಲ್ಲಿ ಆ ವರ್ಷದ ಪುಟ ಹಾಗೇ ಇದೆ, ‘ರೋಗ ಕಾಣಿಸಲಿಲ್ಲ’ ಎಂದು. ನಾನು ಸಹಿ ಹಾಕಿದ ಪ್ರಬಂಧಗಳಲ್ಲಿ ಅತಿ ಹೆಚ್ಚು ಗೌರವ ಇರುವುದು ನನಗೆ ಅದರ ಮೇಲೆ. ನಿಮ್ಮ ಮಗಳು ತಡ ಮಾಡುತ್ತಿದ್ದಾಳೆ ಅನ್ನಿಸಿದಾಗ ಹಿಂದಿನ ಎರಡು ಮುಂಗಾರು ಹೇಗಿದ್ದವು ಎಂದು ಕೇಳಿ ನೋಡಿ.

‘ಎಲೆಚುಕ್ಕಿ ಬಿಟ್ಟು ರಾಗಿ ಏಕೆ?’ ಅನ್ನುವ ನಿಮ್ಮ ನೋವು ನ್ಯಾಯವಾದದ್ದು. ಆದರೆ ಪಿಎಚ್‌ಡಿಯ ವಿಷಯ ವಿದ್ಯಾರ್ಥಿಯ ಇಷ್ಟದಿಂದ ಮಾತ್ರ ಬರುವುದಿಲ್ಲ. ಮಾರ್ಗದರ್ಶಕರ ಪರಿಣತಿ ಯಾವುದು, ನಡೆಯುತ್ತಿರುವ ಯೋಜನೆಯ ಹಣ ಯಾವ ಬೆಳೆಗೆ ಬಂದಿದೆ, ಬೀಜ ಸಂಗ್ರಹ ಎಲ್ಲಿದೆ, ಇವೆಲ್ಲ ಸೇರಿ ತೀರ್ಮಾನ ಮಾಡುತ್ತವೆ. ಅಡಿಕೆ ವರ್ಷಗಟ್ಟಲೆ ಬೆಳೆಯುವ ಮರ. ಅದರ ತಳಿ ಪ್ರಯೋಗ ಮೂರು ವರ್ಷದ ವಿದ್ಯಾರ್ಥಿಯ ಕೈಗೆ ಎಟುಕುವಂಥದ್ದಲ್ಲ. ಅದು ಸಂಸ್ಥೆಗಳು ಹತ್ತಿಪ್ಪತ್ತು ವರ್ಷ ಹೊತ್ತು ನಡೆಸಬೇಕಾದ ಕೆಲಸ. ನಾಲ್ಕು ತಿಂಗಳ ರಾಗಿಯಲ್ಲಿ ಆಕೆ ಕಲಿಯುತ್ತಿರುವುದು ಶಿಲೀಂಧ್ರವನ್ನು ಬೇರ್ಪಡಿಸುವುದು, ಬೆಳೆಸುವುದು, ಮತ್ತೆ ಗಿಡಕ್ಕೆ ತಗುಲಿಸಿ ಅದೇ ರೋಗ ಬರುತ್ತದೆಯೇ ನೋಡುವುದು, ತೇವ ಮತ್ತು ಉಷ್ಣಾಂಶದ ಜೊತೆ ರೋಗ ಏರುವ ಬಗೆಯನ್ನು ಅಳೆಯುವುದು. ನಿಮ್ಮ ತೋಟದ ಎಲೆಚುಕ್ಕಿಯೂ ಶಿಲೀಂಧ್ರದ್ದೇ, ಅದೂ ಬಿಡದ ಮಳೆ ಮತ್ತು ತೇವದಲ್ಲೇ ಏರುತ್ತದೆ. ಈ ಕೈ ಪಳಗಿದರೆ ನಾಳೆ ಅಡಿಕೆಗೂ ಬರುತ್ತದೆ. ಇನ್ನು ರಾಗಿ ಬೇರೆಯವರ ಬೆಳೆ ಎಂಬ ಮಾತಿಗೆ ಒಂದು ನೆನಪು ಸಾಕು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾದ ರಾಗಿ ಹೂವಿನ ಮೇಲೆ ವರ್ಷಗಟ್ಟಲೆ ಕೂತು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಬೆಸುಗೆ ಹಾಕಿದರು. ಇಂಡಿಯಾ, ಆಫ್ರಿಕ ಸೇರಿ ‘ಇಂಡಾಫ್’ ಆಯಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು.

ನೊಣದ ನಿದ್ದೆಯ ಬಗ್ಗೆ ನಿಮ್ಮ ಅನುಮಾನ ಬಹಳ ಜನರಿಗಿದೆ. ಹಣ್ಣಿನ ನೊಣ 25 ಡಿಗ್ರಿ ಉಷ್ಣಾಂಶದಲ್ಲಿ ಹತ್ತು ದಿನಕ್ಕೆ ಮೊಟ್ಟೆಯಿಂದ ನೊಣವಾಗುತ್ತದೆ. ಒಂದು ಗುಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ಹೋಗುತ್ತದೆ ಎಂದು ನೋಡಲು ಮನುಷ್ಯರಲ್ಲಿ ನೂರು ವರ್ಷ ಕಾಯಬೇಕು, ಇದರಲ್ಲಿ ಒಂದೆರಡು ತಿಂಗಳು ಸಾಕು. 1971ರಲ್ಲಿ ಕೊನೊಪ್ಕ ಮತ್ತು ಬೆಂಜರ್ ಎಂಬ ಇಬ್ಬರು ವಿಜ್ಞಾನಿಗಳು ಹಗಲು ರಾತ್ರಿಯ ಲೆಕ್ಕ ತಪ್ಪಿದ ನೊಣಗಳನ್ನು ಕಂಡುಹಿಡಿದರು. ಕೆಲವಕ್ಕೆ ದಿನ ಎಂದರೆ 24 ಗಂಟೆಗಿಂತ ಕಡಿಮೆ, ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಲೆಕ್ಕವೇ ಇಲ್ಲ. ಅದಕ್ಕೆ ಕಾರಣವಾದ ಜೀನನ್ನು 1984ರಲ್ಲಿ ಬೇರ್ಪಡಿಸಿದರು. ದೇಹದೊಳಗಿನ ಈ ಗಡಿಯಾರದ ಕೆಲಸ ವಿವರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಅಂಥದೇ ಗಡಿಯಾರ ನಮ್ಮೊಳಗೂ ಇದೆ. ರಾತ್ರಿ ಪಾಳಿ ಮಾಡುವವರ ದೇಹ ಯಾಕೆ ಕೆಡುತ್ತದೆ ಎಂಬ ಪ್ರಶ್ನೆಗೆ ಇವತ್ತು ಉತ್ತರ ಹುಡುಕುತ್ತಿರುವುದು ಆ ದಾರಿಯಲ್ಲೇ. 1971ರಲ್ಲಿ ಯಾರಾದರೂ ‘ನೊಣದಿಂದ ಏನು ಉಪಯೋಗ’ ಎಂದು ಹಣ ನಿಲ್ಲಿಸಿದ್ದರೆ ಆ ಬಾಗಿಲು ಮುಚ್ಚಿಹೋಗುತ್ತಿತ್ತು.

ಈ ಕೆಲಸಕ್ಕೆ ನಮ್ಮ ನೆಲದಲ್ಲೂ ಬೇರಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದಿಕಿಯವರು ನೊಣ ವಾಸನೆ, ರುಚಿ ಹೇಗೆ ತಿಳಿಯುತ್ತದೆ ಎಂಬುದರ ಮೇಲೆ ದುಡಿದವರು. ಆ ಕೇಂದ್ರ ಇರುವುದು ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಂಗಳದಲ್ಲಿ. ಒಂದು ಕಡೆ ರಾಗಿ ತಾಕು, ಕೂಗಳತೆಯಲ್ಲಿ ನೊಣದ ಸೀಸೆ. ಸಂಜೆ ವಾಕಿಂಗ್ ಹೋಗುವಾಗ ನಾನು ಎರಡನ್ನೂ ದಾಟಿದ್ದೇನೆ.

ಮೂರರಲ್ಲಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ನಿಮ್ಮ ಮಗನ ವಿಷಯದಲ್ಲಿ. ಅದಕ್ಕೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಶಾಸನ ಓದುವುದೆಂದರೆ ಪಂಡಿತರ ಊಹೆ ಎಂದು ಒಂದು ಕಾಲಕ್ಕೆ ನಾನೂ ನಂಬಿದ್ದೆ. ಕನ್ನಡ ವಿಭಾಗದ ಗೆಳೆಯರೊಬ್ಬರು ಒಂದು ಭಾನುವಾರ ನನ್ನನ್ನು ಒಂದು ಹಳ್ಳಿಯ ಕೆರೆಗೆ ಕರೆದುಕೊಂಡು ಹೋದರು. ಕಲ್ಲು ಅರ್ಧ ಹೂತಿತ್ತು, ಮೇಲ್ಭಾಗದ ಮೇಲೆ ಬಟ್ಟೆ ಒಗೆದು ಒಗೆದು ನುಣುಪಾಗಿತ್ತು. ಮಣ್ಣು ಬಿಡಿಸಿ, ನೀರು ಹಾಕಿ, ಮೆತ್ತನೆಯ ಬ್ರಷ್ಷಿನಲ್ಲಿ ಅಕ್ಷರದ ಗೆರೆಯೊಳಗಿನ ಪಾಚಿ ತೆಗೆದರು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಇನ್ನೊಂದು ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತಾ ಹೋದರು. ಕಾಗದ ಅಕ್ಷರದ ತಗ್ಗಿನೊಳಗೆ ಇಳಿಯಿತು. ಅರೆ ಒಣಗಿದ ಮೇಲೆ ಮಸಿ ಉಂಡೆಯಿಂದ ತಟ್ಟಿದರು. ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ನಾಲ್ಕನೇ ಸಾಲಿನಲ್ಲಿ ನನಗೂ ಒಂದು ಪದ ಓದಲು ಬಂತು: ತೂಬು, ಅಂದರೆ ಕೆರೆಯಿಂದ ನೀರು ಬಿಡುವ ಕಂಡಿ. ನೂರಾರು ವರ್ಷದ ಹಿಂದೆ ಕೊರೆದ ಪದ, ಅವತ್ತು ಬೆಳಿಗ್ಗೆ ಅಲ್ಲಿನ ನೀರಗಂಟಿಯ ಬಾಯಲ್ಲಿ ಕೇಳಿದ್ದ ಪದ.

ಆಮೇಲೆ ನಡೆದದ್ದು ನನ್ನ ಅಭಿಪ್ರಾಯ ಬದಲಿಸಿತು. ಒಂದು ಅಕ್ಷರ ‘ವ’ವೋ ‘ಪ’ವೋ ಎಂದು ಗೆಳೆಯರು ಎರಡು ವಾರ ಒದ್ದಾಡಿದರು. ಅದೇ ಕಾಲದ ಬೇರೆ ಕಲ್ಲುಗಳ ಅಚ್ಚು ತಂದು ಪಕ್ಕಪಕ್ಕ ಇಟ್ಟು ನೋಡಿದರು. ತೀರ್ಮಾನವಾಗದೆ ಕೊನೆಗೆ ಆ ಅಕ್ಷರವನ್ನು ಕಂಸದೊಳಗೆ ಬರೆದರು. ಒಡೆದುಹೋದ ಜಾಗಕ್ಕೆ ಚುಕ್ಕಿ ಇಟ್ಟರು. ನನಗೆ ತಟ್ಟನೆ ‘ರೋಗ ಕಾಣಿಸಲಿಲ್ಲ’ ಎಂದು ಬರೆದ ಹುಡುಗಿಯ ಪುಟ ನೆನಪಾಯಿತು. ಎರಡೂ ಒಂದೇ ಶಿಸ್ತು.

ಶಾಸನದಲ್ಲಿ ಸುಳ್ಳು ಹಿಡಿಯುವ ಉಪಾಯಗಳೂ ಇವೆ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಕೊಟ್ಟಿರುತ್ತಾರೆ. ಶಕವರ್ಷಕ್ಕೆ 78 ಕೂಡಿಸಿ ಇಸವಿ ಕಂಡುಕೊಂಡು, ಆ ತಿಥಿಗೆ ಆ ವಾರ ಬರುತ್ತದೆಯೇ ಎಂದು ಪಂಚಾಂಗದ ಲೆಕ್ಕ ಹಾಕುತ್ತಾರೆ. ಹೊಂದದಿದ್ದರೆ ಓದಿದ್ದು ತಪ್ಪಿರಬೇಕು, ಕೊರೆದವನು ತಪ್ಪಿರಬೇಕು ಅಥವಾ ಅದು ಕೂಟ ಶಾಸನವಿರಬೇಕು, ಅಂದರೆ ಭೂಮಿಯ ಹಕ್ಕು ಸಾಧಿಸಲು ಆಮೇಲೆ ಯಾರೋ ಮಾಡಿಸಿದ ಖೋಟಾ ದಾಖಲೆ. ಗಂಗರ ಹೆಸರಿನ ಹಲವು ತಾಮ್ರಪಟಗಳು ಖೋಟಾ ಎಂದು ಶಾಸನತಜ್ಞ ಫ್ಲೀಟ್ ವಾದಿಸಿದರು, ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ರೈಸ್ ಒಪ್ಪಲಿಲ್ಲ. ವರ್ಷಗಟ್ಟಲೆ ಜಟಾಪಟಿ ನಡೆಯಿತು. ಬರಿಯ ಕತೆಯಾಗಿದ್ದರೆ ಇಷ್ಟು ಜಗಳ ಬೇಕಿರಲಿಲ್ಲ.

ಕೆರೆಯ ಪದಗಳನ್ನು ಆರಿಸಿಕೊಂಡ ನಿಮ್ಮ ಮಗನ ಕಣ್ಣು ಚೆನ್ನಾಗಿದೆ. ಏರಿ, ಕೋಡಿ, ತೂಬು ಇವತ್ತಿಗೂ ಇವೆ. ಬಿತ್ತುವಟ್ಟ, ಕಟ್ಟುಗೊಡಗೆ ಮರೆತುಹೋಗಿವೆ. ಕೆರೆ ಕಟ್ಟಿದವರಿಗೆ, ಕಾಪಾಡುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಯ ಮಾತುಗಳು ಇವು. ಹೂಳೆತ್ತುವ ಖರ್ಚು ಯಾರದು, ಎಷ್ಟು ಗದ್ದೆಯ ಹುಟ್ಟುವಳಿ ಅದಕ್ಕೆ ಮೀಸಲು ಎಂಬ ವ್ಯವಸ್ಥೆ ಆ ಪದಗಳೊಳಗೆ ಅಡಗಿದೆ. ಮತ್ತರು, ಕಮ್ಮ ಎಂಬ ಭೂಮಿಯ ಅಳತೆಗಳು ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತಿದ್ದವು. ಅದನ್ನು ಬಿಡಿಸುವುದೇ ಒಂದು ಪ್ರಬಂಧಕ್ಕಾಗುವಷ್ಟು ಕೆಲಸ. ಆಂಧ್ರದ ಪೋರುಮಾಮಿಳ್ಳ ಕೆರೆಯ 1369ರ ಶಾಸನ, ವಿಜಯನಗರದ ಬುಕ್ಕನ ಮಗ ಭಾಸ್ಕರ ಹಾಕಿಸಿದ್ದು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕವನ್ನೂ ಕೊಡುತ್ತದೆ. ನೀರಾವರಿ ಎಂಜಿನಿಯರ್ ಓದಬೇಕಾದ ಕಾಗದ ಅದು, ಆದರೆ ಅವರಿಗೆ ಓದಿಕೊಡಲು ನಿಮ್ಮ ಮಗನಂಥವರು ಬೇಕು. ನಿಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕದಂಬರ ಕಾಕುಸ್ಥವರ್ಮ ದೇಗುಲಕ್ಕಾಗಿ ಕೆರೆ ಕಟ್ಟಿಸಿದ್ದು ದಾಖಲಾಗಿದೆ.

ಇಲ್ಲಿ ಹೊಸದು ಸಿಗುವುದಿಲ್ಲ ಎಂಬುದೂ ಸುಳ್ಳು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಸುಮಾರು 450ರದ್ದು, ಅದೇ ಕನ್ನಡದ ಮೊದಲ ಶಾಸನ ಎಂದು ನೀವೂ ಶಾಲೆಯಲ್ಲಿ ಓದಿರುತ್ತೀರಿ. ಮುಂದೆ ತಾಳಗುಂದದ ಉತ್ಖನನದಲ್ಲಿ ಸಿಂಹಕಟಾಂಜನದ, ಅಂದರೆ ಮೆಟ್ಟಿಲ ಬದಿಯ ಸಿಂಹದ ಕೈಪಿಡಿಗಲ್ಲಿನ ಮೇಲಿನ ಬರಹ ಸಿಕ್ಕಿತು. ಅದು ಸುಮಾರು 370ರದ್ದು, ಹಲ್ಮಿಡಿಗಿಂತ ಹಳೆಯದು ಎಂದು ವಿದ್ವಾಂಸರು ವಾದ ಮಂಡಿಸಿದ್ದಾರೆ. ನೆಲದೊಳಗಿನ ಒಂದು ಕಲ್ಲು ಪಠ್ಯಪುಸ್ತಕದ ಸಾಲನ್ನೇ ಅಲುಗಾಡಿಸಿತು. ಚಿದಾನಂದಮೂರ್ತಿಯವರು ಪಿಎಚ್‌ಡಿಗೆಂದು ಮಾಡಿದ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಅರವತ್ತು ವರ್ಷ ಕಳೆದರೂ ಹೊಸ ವಿದ್ಯಾರ್ಥಿಗಳ ಮೇಜಿನ ಮೇಲಿದೆ. ನಮ್ಮ ಸಸ್ಯರೋಗದ ಎಷ್ಟೋ ಲೇಖನಗಳು ಹತ್ತು ವರ್ಷಕ್ಕೆ ಹಳತಾಗುತ್ತವೆ.

ಇದರಿಂದಲೇ ನಿಮ್ಮ ಭಾವನ ಲೇಖನದ ಲೆಕ್ಕಕ್ಕೂ ಉತ್ತರ ಸಿಗುತ್ತದೆ. ಪ್ರಯೋಗಾಲಯದ ಲೇಖನದಲ್ಲಿ ಐದಾರು ಜನರ ಹೆಸರಿರುತ್ತದೆ, ಪುಟ ಕಡಿಮೆ, ಬೇಗ ಬರುತ್ತದೆ. ಹೊಲದ ಕೆಲಸದಲ್ಲಿ ಎರಡು ಮೂರು ಹಂಗಾಮು ಸೇರಿದರೆ ಒಂದು ಲೇಖನ. ಶಾಸನ, ಸಾಹಿತ್ಯ, ಇತಿಹಾಸದಲ್ಲಿ ಒಬ್ಬರೇ ಕೂತು ಬರೆಯುತ್ತಾರೆ, ಫಲ ಅನೇಕ ಸಲ ಪುಸ್ತಕವಾಗಿಯೇ ಬರುತ್ತದೆ. ಅಡಿಕೆ, ರಾಗಿ, ಹಲಸು ಮೂರನ್ನೂ ಒಂದೇ ವರ್ಷ ಕೊಯ್ಲು ಮಾಡಿ ತೂಕ ಹಾಕಿದ ಹಾಗೆ ಈ ಹೋಲಿಕೆ.

ಬೇರೆ ಬೇರೆ ವಿದ್ಯೆಗಳು ಒಂದರಿಂದೊಂದು ಸಾಲ ಪಡೆಯುತ್ತವೆ ಎಂಬುದನ್ನೂ ಹೇಳಬೇಕು. ತಾಕುಗಳನ್ನು ಚೀಟಿ ಎತ್ತಿ ಹಂಚುವ ಪದ್ಧತಿಯನ್ನು ಶಾಸ್ತ್ರವಾಗಿ ಕಟ್ಟಿದ್ದು ಫಿಶರ್ ಎಂಬ ಗಣಿತಜ್ಞ, 1919ರಿಂದ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ. ಅದೇ ಉಪಾಯದಿಂದ 1948ರಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದೆ ಎಂದು ವೈದ್ಯರು ತೋರಿಸಿದರು. ಇವತ್ತು ಆಸ್ಪತ್ರೆಯಲ್ಲಿ ಹೊಸ ಔಷಧಿಯನ್ನು ಪರೀಕ್ಷೆ ಮಾಡುವ ಕ್ರಮದ ಬೇರು ಒಂದು ಗೋಧಿ ಹೊಲದಲ್ಲಿದೆ.

ಹಾಗಾದರೆ ಎಲ್ಲವೂ ಸಮವೇ, ಜಳ್ಳೇ ಇಲ್ಲವೇ? ಇದೆ, ಮೂರು ಕಡೆಯೂ ಇದೆ. ನಾನು ಯಾವುದೇ ಪ್ರಬಂಧ ಕೈಗೆ ಬಂದಾಗ ಕೇಳುತ್ತಿದ್ದ ಪ್ರಶ್ನೆ ಒಂದೇ: ನೀವು ಹೇಳಿದ್ದು ತಪ್ಪಾಗಿದ್ದರೆ ಅದು ನಮಗೆ ಹೇಗೆ ಗೊತ್ತಾಗುತ್ತಿತ್ತು? ನಿಮ್ಮ ಮಗಳು ಉದುರುಮಲ್ಲಿಗೆಯ ಸಾಲು ತೋರಿಸುತ್ತಾಳೆ. ಅಕ್ಕನ ಮಗ ಜೀನು ಬದಲಾಯಿಸದ ನೊಣಗಳ ಸೀಸೆ ತೋರಿಸುತ್ತಾನೆ. ಮಗ ಕಾಗದದ ಮೇಲೆ ತೆಗೆದ ಕಲ್ಲಿನ ಪಡಿಯಚ್ಚು, ತಿಥಿಯ ಲೆಕ್ಕ, ಕಂಸದ ಅಕ್ಷರ ತೋರಿಸಬೇಕು. ತೋರಿಸಲು ಏನೂ ಇಲ್ಲದವರ ಕೆಲಸ ಯಾವ ವಿಭಾಗದ್ದಾದರೂ ಅನುಮಾನಿಸಿ. ಈ ಪ್ರಶ್ನೆ ಕೇಳಲು ಪಿಯುಸಿ ಸಾಕು.

ದುಡ್ಡಿಗೆ ಪ್ರಬಂಧ ಬರೆದುಕೊಡುವ ದಂಧೆ ನೀವು ಕೇಳಿದ ಹಾಗೆ ಇದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ನಿಯಮದಂತೆ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಶೇ. 60 ಮೀರಿದರೆ ನೋಂದಣಿಯೇ ರದ್ದು. ಅಂಗೀಕಾರವಾದ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ, ಇಪ್ಪತ್ತು ವರ್ಷದ ನಂತರವೂ ಕಳ್ಳತನ ಬಯಲಾಗಬಹುದು. ಕನ್ನಡದ ನಕಲನ್ನು ಯಂತ್ರ ಹಿಡಿಯುವುದಕ್ಕಿಂತ ಚೆನ್ನಾಗಿ ಹಿಡಿಯುವುದು ಓದಿದ ಕಣ್ಣು. ಹಣ ಕಟ್ಟಿದರೆ ವಾರದಲ್ಲಿ ಲೇಖನ ಅಚ್ಚು ಹಾಕುವ ಪತ್ರಿಕೆಗಳಿಂದಲೂ ಮಗ ದೂರವಿರಲಿ. ಯುಜಿಸಿಯ 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯ ಇಲ್ಲ. ವಿಶ್ವವಿದ್ಯಾಲಯ ತನ್ನದೇ ಷರತ್ತು ಹಾಕಿದೆಯೇ ಎಂದು ಸೇರುವ ಮೊದಲೇ ಕೇಳಿಕೊಳ್ಳಲಿ.

ಈಗ ಬದುಕಿನ ಲೆಕ್ಕ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಗ ಮೊದಲು ಬರೆಯಬೇಕಾದದ್ದು ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ವರ್ಷಕ್ಕೆರಡು ಸಲ ನಡೆಯುತ್ತದೆ, ಕನ್ನಡವೇ ಒಂದು ವಿಷಯ. ಮೊದಲ ಪತ್ರಿಕೆ ಮಾತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತದೆ, ನಮ್ಮ ಹುಡುಗರು ಎಡವುವುದು ಅಲ್ಲೇ. ಅದಕ್ಕೆ ಆರು ತಿಂಗಳು ಬೇರೆಯಾಗಿ ತಯಾರಿ ಮಾಡಲಿ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ‘ವಿಜ್ಞಾನಕ್ಕೆ ಮಾತ್ರ ಸರ್ಕಾರ ದುಡ್ಡು ಕೊಡುತ್ತದೆ’ ಎಂಬುದು ತಪ್ಪು, ಕನ್ನಡದ ವಿದ್ಯಾರ್ಥಿಗೂ ಇಷ್ಟೇ ಮೊತ್ತ. ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 30, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೆ ಐದು ವರ್ಷದ ಸಡಿಲಿಕೆ ಇದೆ.

ಜೆಆರ್‌ಎಫ್ ಸಿಗದೆ ಬರೀ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆಸೆಟ್ ಆದರೆ? 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅಷ್ಟು ಅರ್ಹತೆ ಸಾಕು, ಪಿಎಚ್‌ಡಿ ಕಡ್ಡಾಯವಲ್ಲ. ಆಗ ನಾನು ಸೂಚಿಸುವ ದಾರಿ ಎಂದರೆ ಎಲ್ಲಾದರೂ ಉಪನ್ಯಾಸಕನಾಗಿ ಸೇರಿ, ಅರೆಕಾಲಿಕವಾಗಿ ಪಿಎಚ್‌ಡಿ ಮಾಡುವುದು. ನಿಯಮದಲ್ಲಿ ಅವಕಾಶವಿದೆ, ಕೆಲಸ ಮಾಡುವ ಸಂಸ್ಥೆಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ನಿಧಾನವಾಗುತ್ತದೆ, ಪಾಠದ ಹೊರೆಯಲ್ಲಿ ಕೆಲವರದು ನಿಂತೇ ಹೋಗುತ್ತದೆ, ಆದರೆ ಹೊಟ್ಟೆಗೆ ದಾರಿ ಇರುತ್ತದೆ. ಪೂರ್ಣಾವಧಿಗೆ ಸೇರಿ, ವೇತನವೂ ಇಲ್ಲದೆ ಮನೆಯ ಹಣದಲ್ಲಿ ಐದಾರು ವರ್ಷ ತಳ್ಳುವುದು ಮೂರನೆಯ ದಾರಿ. ಅದನ್ನು ನಾನು ಬೇಡ ಎನ್ನುತ್ತೇನೆ. ಪ್ರತಿಭೆ ಇದ್ದೂ ಆ ದಾರಿಯಲ್ಲಿ ಕುಗ್ಗಿಹೋದ ಹುಡುಗರನ್ನು ನೋಡಿದ್ದೇನೆ, ಮನೆಯವರಿಗೆ ಮುಖ ತೋರಿಸಲಾಗದೆ ಹಬ್ಬಕ್ಕೂ ಊರಿಗೆ ಹೋಗದವರನ್ನು ನೋಡಿದ್ದೇನೆ. ಸಾಲ ಬೇಡವೆಂದು ಮೊದಲೇ ಹೇಳಿದ್ದು ಈ ಕಾರಣಕ್ಕೆ. ಪಿಎಚ್‌ಡಿ ಮುಗಿದ ತಕ್ಷಣ ಕೆಲಸ ಕಾದಿರುತ್ತದೆ ಎಂಬ ಭರವಸೆಯನ್ನು ಮೂರು ಮಕ್ಕಳಲ್ಲಿ ಯಾರಿಗೂ ನಾನು ಕೊಡಲಾರೆ. ಸಾಲದ ಕಂತು ಮಾತ್ರ ಕಾಯುವುದಿಲ್ಲ.

ವಿಶ್ವವಿದ್ಯಾಲಯದ ಹೆಸರಿಗಿಂತ ಮಾರ್ಗದರ್ಶಕರ ಆಯ್ಕೆ ದೊಡ್ಡದು. ಮಗ ಸೇರುವ ಮುಂಚೆ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರನ್ನಾದರೂ ಹುಡುಕಿ ಮಾತನಾಡಲಿ: ಎಷ್ಟು ವರ್ಷದಲ್ಲಿ ಮುಗಿಯಿತು, ಕರಡು ಕೊಟ್ಟರೆ ಎಷ್ಟು ದಿನದಲ್ಲಿ ಓದಿ ಕೊಡುತ್ತಿದ್ದರು, ಕಲ್ಲಿನ ಹತ್ತಿರ ಜೊತೆಗೆ ಬರುತ್ತಿದ್ದರೇ. ಪುರಾತತ್ವ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಹಳೆಯ ಲಿಪಿ ಓದುವುದನ್ನು ಪದವಿಗಿಂತ ಮೊದಲು ಕಲಿಯುವುದು ಒಳ್ಳೆಯದು. ಆರು ತಿಂಗಳು ಲಿಪಿಯ ಜೊತೆ ಕೂತು ನೋಡಿದರೆ ಈ ಕೆಲಸ ತನಗೆ ಒಗ್ಗುತ್ತದೆಯೇ ಎಂಬುದು ಅವನಿಗೇ ತಿಳಿಯುತ್ತದೆ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಖರ್ಚೂ ಇಲ್ಲ.

ಶುರು ಮಾಡಲು ನಿಮ್ಮೂರ ಕೆರೆ ಏರಿಯ ಕಲ್ಲೇ ಇದೆಯಲ್ಲ. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದಲ್ಲಿ ಶಿವಮೊಗ್ಗ ಜಿಲ್ಲೆಗೆ ಏಳು ಮತ್ತು ಎಂಟನೇ ಸಂಪುಟಗಳಿವೆ. ತೀರ್ಥಹಳ್ಳಿ ತಾಲ್ಲೂಕು ಇರುವುದು ಎಂಟರಲ್ಲಿ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಯಾವ ಊರಿನ ಯಾವ ಜಾಗದ ಕಲ್ಲು ಎಂದು ಬರೆದಿದ್ದಾರೆ. ನಿಮ್ಮೂರ ಹೆಸರು ಹುಡುಕಲಿ. ಸಿಕ್ಕರೆ, ಅಲ್ಲಿ ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ಕೂತು ಅಕ್ಷರ ಅಕ್ಷರ ಹೋಲಿಸಲಿ. ನೂರು ವರ್ಷದ ಹಿಂದೆ ಓದಿದವರು ಬಿಟ್ಟದ್ದು, ತಪ್ಪಿದ್ದು ಸಿಗಬಹುದು. ಸಿಗದಿದ್ದರೆ ಆ ಕಲ್ಲನ್ನು ಯಾರೂ ಓದಿಲ್ಲದಿರಬಹುದು, ಆಗ ನನಗೂ ಒಂದು ಕಾಗದ ಹಾಕಿಸಿ. ಅಲ್ಲಿಯವರೆಗೆ ಸುಣ್ಣ, ಬಣ್ಣ, ಆಸಿಡ್ ಏನೂ ಸೋಕಿಸಬೇಡಿ, ಗೆರೆ ಕಾಣಲೆಂದು ಮೊಳೆಯಿಂದ ಕೆರೆಯುವುದಂತೂ ಬೇಡವೇ ಬೇಡ. ಇಳಿಹೊತ್ತಿನ ಓರೆ ಬಿಸಿಲು ಬಿದ್ದಾಗ ಅಕ್ಷರಗಳ ನೆರಳು ಎದ್ದು ಕಾಣುತ್ತದೆ, ಆಗ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆಯಲಿ.